ಕರಾವಳಿಯ ಓಝೋನ್: ಅಂಕಿಯನ್ನು ಗಾಳಿಯ ಜೊತೆ ಓದುವುದು ಹೇಗೆ

ಫೆಬ್ರವರಿಯ ಒಂದು ಬಿಸಿಲಿನ ಮಧ್ಯಾಹ್ನ ಮಂಗಳೂರಿನ ಗಾಳಿಯ ಅಂಕಿಅಂಶ ತೆರೆದು ನೋಡಿ. ಆಕಾಶ ಶುಭ್ರ, ಕಡಲಿನಿಂದ ಗಾಳಿ ಬೀಸುತ್ತಿದೆ, ಹೊಗೆ ಎಲ್ಲೂ ಕಾಣುವುದಿಲ್ಲ. ಆದರೂ ಓಝೋನ್ ಕಾಲಂ ಮಾತ್ರ ಬೆಳಗಿನದಕ್ಕಿಂತ ಎಷ್ಟೋ ಜಾಸ್ತಿ ತೋರಿಸುತ್ತಿರುತ್ತದೆ. ಯಂತ್ರ ಕೆಟ್ಟಿದೆ ಅಂತ ಸುಮ್ನೆ ಬಿಟ್ಟುಬಿಡುವವರೇ ಹೆಚ್ಚು. ಕೆಟ್ಟಿರಲೂಬಹುದು, ಅದಕ್ಕೆ ಆಮೇಲೆ ಬರೋಣ. ಆದರೆ ಬಹಳ ಸಲ ಅದು ತೋರಿಸುತ್ತಿರುವುದು ನಿಜವೇ ಆಗಿರುತ್ತದೆ.

ಈ ಓಝೋನ್ ಎಲ್ಲಿಂದ ಬಂತು ಅಂತ ಮನೆಯಲ್ಲೇ ಕೂತು, ಬಿಟ್ಟಿ ಸಿಗುವ ಸರ್ಕಾರಿ ಅಂಕಿಗಳಿಂದ ಪತ್ತೆ ಮಾಡುವುದು ಹೇಗೆ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಬೇಕಾಗಿರುವುದು ಒಂದು ಕಂಪ್ಯೂಟರ್, ಎಕ್ಸೆಲ್ ಥರದ ಒಂದು ಸಾಫ್ಟ್‌ವೇರ್, ಒಂದಿಷ್ಟು ತಾಳ್ಮೆ. ಕರಾವಳಿಯಲ್ಲಿ ಓಝೋನ್ ಜಾಸ್ತಿಯಾದಾಗ ಅಕ್ಕಪಕ್ಕದಲ್ಲಿ ಹೊಗೆ ಹುಡುಕುವುದು ದಂಡ. ಗಾಳಿ ಯಾವ ಹೊತ್ತಿಗೆ ತಿರುಗಿತು ಅಂತ ಹುಡುಕಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಮೊದಲೇ ಒಂದು ಗೊಂದಲ ತೀರಿಸಿಬಿಡೋಣ. ಶಾಲೆಯಲ್ಲಿ ಓದಿದ ಓಝೋನ್ ಪದರ ಇರುವುದು ತಲೆಯ ಮೇಲೆ ಸುಮಾರು 15ರಿಂದ 35 ಕಿಲೋಮೀಟರ್ ಎತ್ತರದಲ್ಲಿ. ಅದು ಅಲ್ಲಿ ಇರಲೇಬೇಕು. ನಾವು ಉಸಿರಾಡುವ ಎತ್ತರದಲ್ಲಿ ಇರುವುದೂ ಅದೇ ಅನಿಲ, ಆದರೆ ಇಲ್ಲಿ ಅದು ಶ್ವಾಸಕೋಶಕ್ಕೂ ಬೆಳೆಗೂ ಕೆಟ್ಟದ್ದು. ಅದರಲ್ಲಿ ಹೆಚ್ಚಿನ ಪಾಲು ಮೇಲಿನಿಂದ ಸೋರಿ ಬಂದದ್ದಲ್ಲ, ಕೆಳಗೇ ತಯಾರಾಗುವಂಥದ್ದು.

ತಯಾರಾಗುವುದು ಹೇಗೆ

ಯಾವ ಚಿಮಣಿಯಿಂದಲೂ, ಯಾವ ಬೈಕಿನ ಸೈಲೆನ್ಸರ್‌ನಿಂದಲೂ ಓಝೋನ್ ನೇರವಾಗಿ ಹೊರಬರುವುದಿಲ್ಲ. ಬರುವುದು ಅದರ ಕಚ್ಚಾಮಾಲು. ಎಂಜಿನ್, ಬಾಯ್ಲರ್, ಹಡಗು, ಹೀಗೆ ಎಲ್ಲಿ ಬಿಸಿ ಜೋರಾಗಿರುತ್ತದೋ ಅಲ್ಲಿ ಗಾಳಿಯಲ್ಲಿರುವ ನೈಟ್ರೋಜನ್ ಮತ್ತು ಆಮ್ಲಜನಕ ಸೇರಿ ನೈಟ್ರಿಕ್ ಆಕ್ಸೈಡ್ ಆಗುತ್ತದೆ. ಇದನ್ನು ಎನ್‌ಓ ಅನ್ನೋಣ. ಅದಕ್ಕೆ ಇನ್ನೊಂದು ಆಮ್ಲಜನಕದ ಪರಮಾಣು ಸೇರಿದರೆ ನೈಟ್ರೋಜನ್ ಡೈಆಕ್ಸೈಡ್, ಅಂದರೆ ಎನ್‌ಓ2. ಬಿಸಿಲಿನಲ್ಲಿರುವ ನೇರಳಾತೀತ ಮತ್ತು ನೇರಳೆ ಬೆಳಕು, ಸುಮಾರು 420 ನ್ಯಾನೋಮೀಟರ್‌ಗಿಂತ ಕಡಿಮೆ ತರಂಗಾಂತರದ್ದು, ಈ ಎನ್‌ಓ2 ಅನ್ನು ಒಡೆಯುತ್ತದೆ. ಒಂಟಿಯಾಗಿ ಉಳಿದ ಆಮ್ಲಜನಕದ ಪರಮಾಣು ಪಕ್ಕದ ಆಮ್ಲಜನಕದ ಅಣುವಿಗೆ ಅಂಟಿಕೊಂಡರೆ ಅದೇ ಓಝೋನ್.

ಆದರೆ ಇಷ್ಟರಿಂದಲೇ ಓಝೋನ್ ಹೆಚ್ಚುವುದಿಲ್ಲ. ಒಡೆದಾಗ ಉಳಿದ ಎನ್‌ಓ ಇದೆಯಲ್ಲ, ಅದು ತಕ್ಷಣ ಆ ಓಝೋನನ್ನೇ ಹಿಡಿದು ಒಂದು ಆಮ್ಲಜನಕ ಕಿತ್ತುಕೊಂಡು ಮತ್ತೆ ಎನ್‌ಓ2 ಆಗುತ್ತದೆ. ಒಂದೇ ನೂರು ರೂಪಾಯಿ ನೋಟು ಅಣ್ಣ ತಮ್ಮಂದಿರ ನಡುವೆ ಸಾಲವಾಗಿ ಅತ್ತಿತ್ತ ಓಡಾಡಿದ ಹಾಗೆ, ಮನೆಯ ಆಸ್ತಿ ಒಂದು ಪೈಸೆಯೂ ಬೆಳೆಯುವುದಿಲ್ಲ.

ಬೆಳೆಸುವುದು ಮೂರನೆಯವರು. ಪೆಟ್ರೋಲ್ ಬಂಕಿನಲ್ಲಿ ಮೂಗಿಗೆ ಬಡಿಯುವ ಆವಿ, ಪೇಂಟು, ಥಿನ್ನರ್, ಸೌದೆ ಒಲೆಯ ಹೊಗೆ, ತೈಲ ಶುದ್ಧೀಕರಣದ ಸೋರಿಕೆ ಇವೆಲ್ಲ ಆವಿಯಾಗುವ ಸಾವಯವ ಅನಿಲಗಳು, ವಿಓಸಿ ಅಂತ ಕರೆಯುತ್ತಾರೆ. ಇವು ಗಾಳಿಯಲ್ಲಿ ಕೊಳೆಯುವಾಗ ಹುಟ್ಟುವ ಚುರುಕಾದ ತುಣುಕುಗಳು ಎನ್‌ಓ ಅನ್ನು ಎನ್‌ಓ2 ಮಾಡಿಬಿಡುತ್ತವೆ, ಅದೂ ಓಝೋನನ್ನು ಮುಟ್ಟದೆ. ಈಗ ಎನ್‌ಓ2 ಮತ್ತೆ ಒಡೆಯುತ್ತದೆ, ಹೊಸ ಓಝೋನ್ ಹುಟ್ಟುತ್ತದೆ, ಹಳೆಯದೂ ಉಳಿದಿರುತ್ತದೆ. ಕಾರ್ಬನ್ ಮೊನಾಕ್ಸೈಡ್ ಕೂಡ ಇದೇ ಕೆಲಸ ಮಾಡುತ್ತದೆ, ಸ್ವಲ್ಪ ನಿಧಾನವಾಗಿ.

ಮರಗಳೂ ವಿಓಸಿ ಬಿಡುತ್ತವೆ. ನೀಲಗಿರಿ, ಬಿದಿರು, ತಾಳೆಯಂಥವು ಬಿಸಿಲೇರಿದಷ್ಟೂ ಐಸೋಪ್ರೀನ್ ಅನ್ನುವ ಅನಿಲ ಜಾಸ್ತಿ ಬಿಡುತ್ತವೆ. ಹಾಗಂತ ಮರ ಕಡಿಯಲು ಹೊರಡಬೇಡಿ, ಎಂಜಿನ್ನಿನ ಎನ್‌ಓ ಇಲ್ಲದಿದ್ದರೆ ಮರದ ಐಸೋಪ್ರೀನ್ ಒಂದೇ ಓಝೋನ್ ಮಾಡಲಾರದು.

ಇದನ್ನು ಮೊದಲು ಬಿಡಿಸಿ ತೋರಿಸಿದ್ದು ಒಂದು ಕರಾವಳಿ ಊರಿನಲ್ಲೇ. 1940ರ ದಶಕದಲ್ಲಿ ಲಾಸ್ ಏಂಜಲೀಸ್‌ನವರಿಗೆ ಕಣ್ಣುರಿ, ತರಕಾರಿ ಎಲೆಗಳಿಗೆ ಕಲೆ, ರಬ್ಬರ್ ಸಾಮಾನು ಬೇಗ ಬಿರುಕು ಬಿಡುವುದು. ಎಲ್ಲರೂ ಕಾರ್ಖಾನೆಗಳ ಕಡೆ ಬೆರಳು ತೋರಿಸುತ್ತಿದ್ದರು. ಅಲ್ಲಿನ ಕ್ಯಾಲ್‌ಟೆಕ್ ವಿಶ್ವವಿದ್ಯಾಲಯದಲ್ಲಿ ಅನಾನಸಿನ ಪರಿಮಳದ ರಸಾಯನ ನೋಡುತ್ತಿದ್ದ ಆರೀ ಹಾಗನ್ ಸ್ಮಿಟ್ ಎಂಬ ಡಚ್ ಮೂಲದ ವಿಜ್ಞಾನಿ 1950ರ ದಶಕದ ಆರಂಭದಲ್ಲಿ, ಪೆಟ್ರೋಲ್ ಆವಿ ಮತ್ತು ನೈಟ್ರೋಜನ್ ಆಕ್ಸೈಡ್‌ಗಳಿಗೆ ಬೆಳಕು ಬಿದ್ದರೆ ಓಝೋನ್ ಹುಟ್ಟುತ್ತದೆ ಅಂತ ಪ್ರಯೋಗ ಮಾಡಿಯೇ ತೋರಿಸಿದರು. ಬಗ್ಗಿಸಿ ಕಟ್ಟಿದ ರಬ್ಬರ್ ಪಟ್ಟಿ ಎಷ್ಟು ಬೇಗ ಬಿರುಕು ಬಿಡುತ್ತದೆ ಅನ್ನುವುದೇ ಆಗ ಓಝೋನ್ ಅಳೆಯುವ ಒಂದು ವಿಧಾನವಾಗಿತ್ತು.

ಕಡಲು ಏನು ಮಾಡುತ್ತದೆ

ಈ ರಸಾಯನ ಬೆಂಗಳೂರಿನಲ್ಲೂ ಒಂದೇ, ಪಣಂಬೂರಿನಲ್ಲೂ ಒಂದೇ. ಬೇರೆಯಾಗುವುದು ಗಾಳಿಯ ಓಡಾಟ.

ಚಳಿಗಾಲದಲ್ಲಿ ಮಂಗಳೂರು, ಉಡುಪಿ ಕಡೆ ರಾತ್ರಿ ಮೂಡು ದಿಕ್ಕಿನಿಂದ ನೆಲಗಾಳಿ ಮೆಲ್ಲಗೆ ಕಡಲಿಗೆ ಹೋಗುತ್ತದೆ. ಹೋಗುವಾಗ ಊರಿನ ವಾಹನಗಳ, ಹೆದ್ದಾರಿಯ, ಬಂದರಿನ ಎನ್‌ಓ ಮತ್ತು ವಿಓಸಿಗಳನ್ನು ಜೊತೆಗೆ ಒಯ್ಯುತ್ತದೆ. ಬೆಳಕಾದ ಮೇಲೆ ಆ ಸರಕು ನೀರಿನ ಮೇಲೆ ಬಿಸಿಲಿಗೆ ಬೀಳುತ್ತದೆ. ಸಾಮಾನ್ಯವಾಗಿ ಬೆಳಿಗ್ಗೆ 10ರಿಂದ 12ರ ಒಳಗೆ ನೆಲ ಕಾದು ಗಾಳಿ ತಿರುಗುತ್ತದೆ. ಆಗ ಪಡುವಣದಿಂದ ಬೀಸುವ ಕಡಲಗಾಳಿ, ರಾತ್ರಿ ನಾವು ಕಳಿಸಿದ್ದನ್ನೇ ಓಝೋನ್ ಮಾಡಿ ವಾಪಸ್ ತರುತ್ತದೆ. ತಂಪಾಗಿದೆ, ಹಾಗಾಗಿ ಶುದ್ಧ ಅಂತ ನಾವು ಅಂದುಕೊಳ್ಳುತ್ತೇವೆ.

ನೀರಿನ ಮೇಲೆ ಓಝೋನ್ ಉಳಿದುಕೊಳ್ಳಲು ಇನ್ನೂ ಎರಡು ಕಾರಣಗಳಿವೆ. ನೆಲದ ಮೇಲೆ ಮಧ್ಯಾಹ್ನದ ಹೊತ್ತು ಗಾಳಿ 1, 2 ಕಿಲೋಮೀಟರ್ ಎತ್ತರದವರೆಗೂ ಕಲಸಿಹೋಗುತ್ತದೆ, ಕಡಲ ಮೇಲೆ ಆ ಎತ್ತರ ಕಡಿಮೆ, ಹಾಗಾಗಿ ಅಷ್ಟೇ ಸರಕು ಕಡಿಮೆ ಜಾಗದಲ್ಲಿ ದಟ್ಟವಾಗಿ ಇರುತ್ತದೆ. ಎರಡನೆಯದು, ಓಝೋನ್ ಏನನ್ನಾದರೂ ಮುಟ್ಟಿದರೆ ನಾಶವಾಗುವ ಸ್ವಭಾವದ್ದು. ಎಲೆ, ಮಣ್ಣು, ಗೋಡೆ ಅದನ್ನು ಬೇಗ ಹೀರಿಕೊಳ್ಳುತ್ತವೆ. ನೀರು ಹೀರಿಕೊಳ್ಳುವುದು ಹಸಿರು ನೆಲದ ಸುಮಾರು ಹತ್ತನೇ ಒಂದು ಪಾಲು ವೇಗದಲ್ಲಿ.

ಇದರ ಪರಿಣಾಮ ಅಮೆರಿಕದ ಕನೆಕ್ಟಿಕಟ್ ತೀರದಲ್ಲಿ ಚೆನ್ನಾಗಿ ಕಾಣುತ್ತದೆ. ನ್ಯೂಯಾರ್ಕಿನ ಹೊಗೆ ಲಾಂಗ್ ಐಲೆಂಡ್ ಸೌಂಡ್ ಎಂಬ ಕಡಲಿನ ತುಂಡನ್ನು ದಾಟುವಾಗ ಓಝೋನ್ ಆಗಿ, ನಗರದಲ್ಲಿ ಇಲ್ಲದಷ್ಟು ಹೆಚ್ಚಿನ ಮಟ್ಟದಲ್ಲಿ ಆಚೆ ದಡದ ಪುಟ್ಟ ಊರುಗಳಿಗೆ ಬಡಿಯುತ್ತದೆ. ಮಿಷಿಗನ್ ಸರೋವರದ ದಡದಲ್ಲಿರುವ ಶಬೋಯ್ಗನ್ ಊರಿನದೂ ಇದೇ ಪಾಡು, ಅಲ್ಲಿಗೆ ಬರುವುದು ಶಿಕಾಗೋ ಕಡೆಯ ಸರಕು.

ಇನ್ನು ಉಪ್ಪು. ರಾತ್ರಿ ನೈಟ್ರೋಜನ್ ಆಕ್ಸೈಡ್‌ಗಳು ಕಡಲ ಉಪ್ಪಿನ ಕಣಗಳ ಮೇಲೆ ಕೂತು ನೈಟ್ರಿಲ್ ಕ್ಲೋರೈಡ್ ಎಂಬ ಅನಿಲವಾಗುತ್ತವೆ. ಸೂರ್ಯ ಹುಟ್ಟಿದ ಕೂಡಲೇ ಅದು ಒಡೆದು ಕ್ಲೋರಿನ್ ಪರಮಾಣು ಬಿಡುತ್ತದೆ, ಆ ಕ್ಲೋರಿನ್ ವಿಓಸಿಗಳ ಮೇಲೆ ಬಿದ್ದು ಓಝೋನ್ ತಯಾರಿಕೆಯನ್ನು ಬೆಳಿಗ್ಗೆ ಬೇಗನೆ ಶುರು ಮಾಡಿಸುತ್ತದೆ. ಇದನ್ನು 2006ರಲ್ಲಿ ಟೆಕ್ಸಸ್‌ನ ಹ್ಯೂಸ್ಟನ್ ಸುತ್ತಮುತ್ತ ಹಡಗಿನಿಂದ ಅಳೆದರು. ಬಂದರು, ಪೆಟ್ರೋಕೆಮಿಕಲ್, ಹೆದ್ದಾರಿ, ಕಡಲಗಾಳಿ ಎಲ್ಲ ಒಟ್ಟಿಗಿರುವ ಊರು ಅದು.

ಕಡಲು ಓಝೋನನ್ನು ತಿಂದು ಹಾಕುವುದೂ ಉಂಟು. ಊರಿನಿಂದ ದೂರದ ಸ್ವಚ್ಛ ಸಾಗರದಲ್ಲಿ ಎನ್‌ಓ ಇರುವುದೇ ಇಲ್ಲ ಅನ್ನುವಷ್ಟು ಕಡಿಮೆ, ಅಲ್ಲಿ ಬಿಸಿಲು ಮತ್ತು ನೀರಾವಿ ಸೇರಿ ಓಝೋನನ್ನು ಕರಗಿಸುತ್ತವೆ. ನೀರಿನಿಂದ ಬರುವ ಬ್ರೋಮಿನ್ ಮತ್ತು ಅಯೋಡಿನ್ ಕೂಡ ಕೈ ಜೋಡಿಸುತ್ತವೆ, ಕೇಪ್ ವರ್ಡೆ ದ್ವೀಪಗಳಲ್ಲಿ ಅಳೆದವರು ಇದನ್ನು 2008ರಲ್ಲಿ ಪ್ರಕಟಿಸಿದರು. ಹಾಗಾಗಿ ಕಡಲಗಾಳಿ ಬಂದರೆ ಓಝೋನ್ ಏರುತ್ತದಾ ಇಳಿಯುತ್ತದಾ ಅಂತ ಕೇಳಿದರೆ, ಆ ಗಾಳಿ ನಿನ್ನೆ ಎಲ್ಲಿತ್ತು ಅಂತ ನಾನು ತಿರುಗಿ ಕೇಳುತ್ತೇನೆ. ನವೆಂಬರಿನಿಂದ ಮಾರ್ಚ್‌ವರೆಗೆ ಈಶಾನ್ಯದ ಗಾಳಿ ಉಪಖಂಡದ ಕೊಳೆಯನ್ನು ಅರಬ್ಬೀ ಸಮುದ್ರದ ಮೇಲೆ ಹರಡುತ್ತದೆ, 1999ರ ಜನವರಿಯಿಂದ ಮಾರ್ಚ್‌ವರೆಗೆ ನಡೆದ ಇಂಡೋಎಕ್ಸ್ ಎಂಬ ಹಿಂದೂ ಮಹಾಸಾಗರದ ಅಧ್ಯಯನದಲ್ಲಿ ಆ ಮಬ್ಬು ಸಾಗರದ ನಡುವಿನವರೆಗೂ ಕಂಡಿತ್ತು. ಜೂನ್ ಬಂದರೆ ಕಥೆ ಉಲ್ಟಾ, ಸಾವಿರಾರು ಕಿಲೋಮೀಟರ್ ನೀರಿನ ಮೇಲೇ ಬಂದ ಗಾಳಿ.

ಅಂಕಿ ಇಳಿಸಿಕೊಳ್ಳಿ

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಜಾಲತಾಣದಲ್ಲಿ ನಿರಂತರ ಮಾಪನ ಕೇಂದ್ರಗಳ ಅಂಕಿ ಎಲ್ಲರಿಗೂ ಸಿಗುತ್ತದೆ. ರಾಜ್ಯ, ಊರು, ಕೇಂದ್ರ ಆರಿಸಿ. ಮಂಗಳೂರಿಗಾದರೆ ಕದ್ರಿ ಕೇಂದ್ರ. ಓಝೋನ್, ಎನ್‌ಓ, ಎನ್‌ಓ2, ಗಾಳಿಯ ವೇಗ, ಗಾಳಿಯ ದಿಕ್ಕು, ಸೌರ ವಿಕಿರಣ ಇಷ್ಟಕ್ಕೆ ಟಿಕ್ ಹಾಕಿ. ಅವಧಿ ಒಂದು ಗಂಟೆ ಇರಲಿ. 24 ಗಂಟೆಯ ಸರಾಸರಿ ಇಳಿಸಿಕೊಂಡರೆ ಮಾಡಿದ್ದೆಲ್ಲ ವ್ಯರ್ಥ. ಲೆಕ್ಕ ನೋಡಿ: ಹಗಲು 8 ಗಂಟೆ 120 ಮೈಕ್ರೋಗ್ರಾಂ, ಉಳಿದ 16 ಗಂಟೆ 20 ಇದ್ದರೆ ದಿನದ ಸರಾಸರಿ 53. ಎಲ್ಲ ಸರಿಯಾಗಿದೆ ಅನ್ನಿಸುತ್ತದೆ, ಆದರೆ ಆ ದಿನ ಮಿತಿ ದಾಟಿತ್ತು.

ನಮ್ಮ ದೇಶದ 2009ರ ಮಾನದಂಡದ ಪ್ರಕಾರ ಓಝೋನ್ ಮಿತಿ ಒಂದು ಘನ ಮೀಟರ್ ಗಾಳಿಗೆ 8 ಗಂಟೆಯ ಸರಾಸರಿ 100 ಮೈಕ್ರೋಗ್ರಾಂ, ಒಂದು ಗಂಟೆಗೆ 180. ಹಾಗಾಗಿ ಬೆಳಿಗ್ಗೆ 11ರಿಂದ ಸಂಜೆ 7ರವರೆಗಿನ ಸರಾಸರಿ ತೆಗೆದು ನೂರರ ಜೊತೆ ಹೋಲಿಸಿ ನೋಡಿ. ಮೊಬೈಲ್ ಆಪ್‌ನ ಒಟ್ಟು ಎಕ್ಯೂಐ, ಅಂದರೆ ಗಾಳಿಯ ಗುಣಮಟ್ಟದ ಸೂಚ್ಯಂಕದ ಸಂಖ್ಯೆ, ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಅದು ಇರುವುದರಲ್ಲಿ ಅತಿ ಕೆಟ್ಟ ಮಾಲಿನ್ಯದ ಸಂಖ್ಯೆಯನ್ನು ಮಾತ್ರ ತೋರಿಸುತ್ತದೆ, ದೂಳು ಜಾಸ್ತಿ ಇದ್ದ ದಿನ ಓಝೋನ್ ಅದರ ಹಿಂದೆ ಮುಚ್ಚಿಹೋಗುತ್ತದೆ.

ಗಾಳಿಯ ದಿಕ್ಕು ಡಿಗ್ರಿಯಲ್ಲಿರುತ್ತದೆ, ಮತ್ತು ಅದು ಗಾಳಿ ಎಲ್ಲಿಂದ ಬರುತ್ತಿದೆ ಅನ್ನುವುದನ್ನು ಹೇಳುತ್ತದೆ. 90 ಅಂದರೆ ಮೂಡಣದಿಂದ, 270 ಅಂದರೆ ಪಡುವಣದಿಂದ. ನಮ್ಮ ಕರಾವಳಿಗೆ ಸುಮಾರು 230ರಿಂದ 330ರ ನಡುವಿನದ್ದನ್ನು ಕಡಲಗಾಳಿ ಅಂತಲೂ, 40ರಿಂದ 120ರದ್ದನ್ನು ನೆಲಗಾಳಿ ಅಂತಲೂ ಇಟ್ಟುಕೊಳ್ಳಿ. ಈ ಕಾಲಂನ ಸರಾಸರಿ ತೆಗೆಯಲು ಮಾತ್ರ ಹೋಗಬೇಡಿ. 350 ಮತ್ತು 10 ಎರಡೂ ಬಡಗಣ ಗಾಳಿ, ಸರಾಸರಿ ತೆಗೆದರೆ 180, ಅಂದರೆ ತೆಂಕಣ ಗಾಳಿ ಅಂತ ಬರುತ್ತದೆ!

ಈಗ ಚಳಿಗಾಲದ ಒಂದು ಶುಭ್ರ ದಿನ ಆರಿಸಿ ಓಝೋನ್ ಗೆರೆ ಎಳೆಯಿರಿ, ಗಾಳಿ ತಿರುಗಿದ ಗಂಟೆಗೆ ಗುರುತು ಹಾಕಿ. ಬೆಳಿಗ್ಗೆ 7, 8ರ ಹೊತ್ತಿಗೆ ಎನ್‌ಓ ಏರಿ ಓಝೋನ್ ತಳ ಮುಟ್ಟಿರುತ್ತದೆ, ಶಾಲೆ ಆಫೀಸು ವಾಹನಗಳ ಸಮಯ ಅದು. 9ರ ನಂತರ ಓಝೋನ್ ಥಟ್ಟನೆ ಏರಿದರೆ ಅದೆಲ್ಲ ಹೊಸದಾಗಿ ಹುಟ್ಟಿದ್ದು ಅಂದುಕೊಳ್ಳಬೇಡಿ. ನಿನ್ನೆಯ ಓಝೋನ್ ರಾತ್ರಿಯಿಡೀ ನೂರಾರು ಮೀಟರ್ ಮೇಲೆ, ಎನ್‌ಓ ತಲುಪದ ಜಾಗದಲ್ಲಿ ಉಳಿದಿರುತ್ತದೆ, ನೆಲ ಕಾದು ಗಾಳಿ ಕಲಸಿದಾಗ ಅದು ಕೆಳಗಿಳಿಯುತ್ತದೆ. ಗಾಳಿ ತಿರುಗಿ ಪಡುವಣದಿಂದ ಬೀಸತೊಡಗಿದ ಒಂದೆರಡು ಗಂಟೆಯಲ್ಲಿ ಇನ್ನೊಂದು ಏರು ಕಂಡರೆ, ಕಡಲಿನಿಂದ ವಾಪಸ್ ಬಂದ ಸರಕು ಅಂತ ಅನುಮಾನ ಪಡಬಹುದು. ತಿರುಗಿದ ಮೇಲೆ ಇಳಿದರೆ ಆ ದಿನ ಕಡಲಿನ ಗಾಳಿ ನಿಜವಾಗಿ ಸ್ವಚ್ಛವಾಗಿತ್ತು. ತಿರುವನಂತಪುರದ ಹತ್ತಿರ ಕಡಲ ದಡದಲ್ಲೇ ಇರುವ ತುಂಬಾದಲ್ಲಿ ಇಸ್ರೋದ ವಿಜ್ಞಾನಿಗಳು ಓಝೋನಿನ ದಿನಚರಿಯನ್ನು ಹೀಗೇ ಕಡಲಗಾಳಿ, ನೆಲಗಾಳಿಯ ಜೊತೆ ಇಟ್ಟು ಅಭ್ಯಾಸ ಮಾಡಿದ್ದಾರೆ.

ಸಂಜೆಯ ಇಳಿತವನ್ನು ನಂಬುವ ಮೊದಲು

ಸಂಜೆ ಓಝೋನ್ ಇಳಿಯಿತು ಅಂದರೆ ಗಾಳಿ ಶುದ್ಧವಾಯಿತು ಅಂತಲೇ ಆಗಬೇಕಿಲ್ಲ. ವಾಹನಗಳ ಎನ್‌ಓ ಅದನ್ನು ಎನ್‌ಓ2 ಆಗಿ ಬದಲಾಯಿಸಿರಬಹುದು. ಯಾವುದು ನಡೆಯಿತು ಅಂತ ತಿಳಿಯಲು ನನಗೆ ಬಹಳ ಇಷ್ಟವಾದ ಒಂದು ಲೆಕ್ಕ ಇದೆ. ಓಝೋನನ್ನು 1.96ರಿಂದ, ಎನ್‌ಓ2 ಅನ್ನು 1.88ರಿಂದ ಭಾಗಿಸಿದರೆ ಎರಡೂ ಪಿಪಿಬಿ ಲೆಕ್ಕಕ್ಕೆ ಬರುತ್ತವೆ, ಅಂದರೆ ಗಾಳಿಯ ಶತಕೋಟಿ ಅಣುಗಳಲ್ಲಿ ಎಷ್ಟು ಅನ್ನುವುದು. ಎರಡನ್ನೂ ಕೂಡಿಸಿ.

ಉದಾಹರಣೆಗೆ ಸಂಜೆ 6ಕ್ಕೆ ಓಝೋನ್ 80, ಎನ್‌ಓ2 15 ಮೈಕ್ರೋಗ್ರಾಂ ಅಂದುಕೊಳ್ಳಿ. ಪಿಪಿಬಿಯಲ್ಲಿ 41 ಮತ್ತು 8, ಒಟ್ಟು 49. ರಾತ್ರಿ 9ಕ್ಕೆ ಓಝೋನ್ 30, ಎನ್‌ಓ2 60. ಆಗ 15 ಮತ್ತು 32, ಒಟ್ಟು 47. ಮೊತ್ತ ಹೆಚ್ಚುಕಡಿಮೆ ಅಷ್ಟೇ ಇದೆ ಅಲ್ವಾ? ಓಝೋನ್ ಎಲ್ಲೂ ಹೋಗಿಲ್ಲ, ವೇಷ ಬದಲಿಸಿದೆ ಅಷ್ಟೇ. ಅದೇ ರಾತ್ರಿ 9ಕ್ಕೆ ಎನ್‌ಓ2 ಬರೀ 20 ಇದ್ದಿದ್ದರೆ ಒಟ್ಟು ಸುಮಾರು 26. ಆಗ ಬಂದಿರುವುದು ಬೇರೆ ಗಾಳಿ, ಇಲ್ಲವೇ ಓಝೋನನ್ನು ನೆಲ, ಎಲೆಗಳು ಹೀರಿಕೊಂಡಿವೆ. ಗಾಳಿಯ ದಿಕ್ಕಿನ ಕಾಲಂ ನೋಡಿದರೆ ಯಾವುದು ಅಂತ ಗೊತ್ತಾಗುತ್ತದೆ. ಎನ್‌ಓಎಕ್ಸ್ (ಎನ್‌ಓ ಮತ್ತು ಎನ್‌ಓ2 ಎರಡರ ಮೊತ್ತ) ಅನ್ನುವ ಕಾಲಂ ಮಂಡಳಿಯ ಫೈಲಿನಲ್ಲಿ ಮೊದಲೇ ಪಿಪಿಬಿಯಲ್ಲಿರುತ್ತದೆ, ಅದನ್ನು ಮತ್ತೆ ಭಾಗಿಸಬೇಡಿ.

ಇದೇ ಕಾರಣಕ್ಕೆ ಮಂಗಳೂರಿನ ಹಂಪನಕಟ್ಟೆಯಂಥ ಗಿಜಿಗುಡುವ ರಸ್ತೆಗಿಂತ ವಾಹನವೇ ಇಲ್ಲದ ಕಡಲ ತೀರದಲ್ಲಿ ಸಂಜೆ ಓಝೋನ್ ಜಾಸ್ತಿ ಹೊತ್ತು ನಿಲ್ಲಬಹುದು. ವಾಹನ ಕಡಿಮೆಯಾದ ಭಾನುವಾರ ಓಝೋನ್ ಏರುವ ಊರುಗಳಿವೆ, 2020ರ ಲಾಕ್‌ಡೌನ್‌ನಲ್ಲೂ ಎಷ್ಟೋ ನಗರಗಳಲ್ಲಿ ಎನ್‌ಓ2 ಕುಸಿದರೂ ಓಝೋನ್ ಇಳಿಯಲಿಲ್ಲ.

ಯಂತ್ರದ ಮೇಲೂ ಒಂದು ಕಣ್ಣು

ಗಂಟೆಗಟ್ಟಲೆ ಒಂದೇ ಸಂಖ್ಯೆ, ಹಗಲೂ ರಾತ್ರಿ ವ್ಯತ್ಯಾಸವೇ ಇಲ್ಲದ ಗೆರೆ, ನಡುರಾತ್ರಿ ಒಂದೇ ಗಂಟೆ 200ಕ್ಕೆ ಜಿಗಿದು ಇಳಿದದ್ದು, ಇವನ್ನೆಲ್ಲ ಲೆಕ್ಕದಿಂದ ಬಿಡಿ. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಓಝೋನ್ ಸೆನ್ಸರ್ ಕೊಳ್ಳುವ ಆಲೋಚನೆ ಇದ್ದರೆ, ಕರಾವಳಿಯವರಿಗೆ ನನ್ನ ಸಲಹೆ ಬೇಡ ಅನ್ನುವುದೇ. ಅವುಗಳಲ್ಲಿ ಹೆಚ್ಚಿನವು ಎನ್‌ಓ2 ಅನ್ನೂ ಓಝೋನ್ ಅಂತಲೇ ಎಣಿಸುತ್ತವೆ, ನಮ್ಮ ಕಡೆಯ ತೇವಕ್ಕೆ ಅಂಕಿ ಎಲ್ಲೆಲ್ಲೋ ಹೋಗುತ್ತದೆ. ಪಿಷ್ಟ ಮತ್ತು ಪೊಟ್ಯಾಸಿಯಂ ಅಯೋಡೈಡ್ ಹಚ್ಚಿದ ಕಾಗದ ನೀಲಿಯಾಗುವ 19ನೇ ಶತಮಾನದ ಪ್ರಯೋಗ ಶಾಲೆಯ ವಸ್ತುಪ್ರದರ್ಶನಕ್ಕೆ ಚೆನ್ನ, ಅಳತೆಗೆ ಬರುವುದಿಲ್ಲ. ಅದಕ್ಕೂ ತೇವದ್ದೇ ಕಾಟ.

ಅಂಕಿ ನೋಡಿ ಏನು ಮಾಡಬೇಕು ಅಂದರೆ, ಓಟ, ಸೈಕಲ್, ಮಕ್ಕಳ ಕ್ರಿಕೆಟ್ ಕೋಚಿಂಗ್ ಇವನ್ನು ಚಳಿಗಾಲ ಮತ್ತು ಬೇಸಿಗೆಯ ಶುಭ್ರ ದಿನಗಳಲ್ಲಿ ಮಧ್ಯಾಹ್ನ 12ರಿಂದ 5ರ ನಡುವೆ ಇಟ್ಟುಕೊಳ್ಳಬೇಡಿ. ಅಸ್ತಮಾ ಇರುವವರಿಗೆ ಇದು ಇನ್ನೂ ಮುಖ್ಯ. ಎನ್95 ಮಾಸ್ಕ್ ದೂಳು ತಡೆಯುತ್ತದೆ, ಓಝೋನ್ ಅನಿಲವಾದ್ದರಿಂದ ಅದನ್ನು ತಡೆಯುವುದಿಲ್ಲ. ಕಿಟಕಿ ಹಾಕಿದ ಮನೆಯೊಳಗೆ ಗೋಡೆ, ಬಟ್ಟೆ, ಪೀಠೋಪಕರಣ ಹೀರಿಕೊಂಡು ಹೊರಗಿಗಿಂತ ಕಡಿಮೆ ಇರುತ್ತದೆ. ಕಾರಿಗೆ ಪೆಟ್ರೋಲ್ ತುಂಬಿಸುವುದು, ಗೇಟಿಗೆ ಪೇಂಟ್ ಹೊಡೆಯುವುದು ಸಂಜೆಗೆ ಹಾಕಿಕೊಂಡರೆ ಆ ಆವಿಗೆ ಅಂದಿನ ಬಿಸಿಲು ಸಿಗುವುದಿಲ್ಲ.

ಕೊನೆಗೆ ಜುಲೈ ತಿಂಗಳ ಫೈಲನ್ನೂ ಇಳಿಸಿ ಫೆಬ್ರವರಿಯದ್ದರ ಪಕ್ಕ ಇಡಿ. ಮೋಡ, ಮಳೆ, ಹಗಲಿರುಳು ಪಡುವಣ ಗಾಳಿ, ಹಾಗಾಗಿ ಓಝೋನ್ ಗೆರೆ ತಗ್ಗಿನಲ್ಲಿ ಚಪ್ಪಟೆಯಾಗಿ ಹೋಗಬೇಕು. ಹಾಗಿಲ್ಲದೆ ಜುಲೈನಲ್ಲೂ ಮಧ್ಯಾಹ್ನ ನೂರು ದಾಟುತ್ತಿದ್ದರೆ ಸೌರ ವಿಕಿರಣದ ಕಾಲಂ ನೋಡಿ. ಆ ಹೊತ್ತಿನಲ್ಲಿ ಬಿಸಿಲೇ ಇರದಿದ್ದರೆ, ಫೆಬ್ರವರಿಯ ಅಂಕಿಗಳನ್ನೂ ನಂಬುವ ಮೊದಲು ಆ ಕೇಂದ್ರದ ಯಂತ್ರವನ್ನು ಅನುಮಾನಿಸಿ.